ಒಂದೇ ಕೋಷ್ಟಕದಲ್ಲಿ ಮಲೇಷ್ಯಾ ಮೂಲ, ಇಂಗ್ಲಿಷ್ ಮೂಲ

ಅಮೆರಿಕದ ಜನಗಣತಿ ಕಚೇರಿಯ ಅಂಕಿಅಂಶಗಳನ್ನು ಬಳಸಿಕೊಂಡು ಅಲ್ಲಿನ ಬೇರೆ ಬೇರೆ ವಂಶಮೂಲದವರ ಆದಾಯ, ಬಡತನ, ಸ್ವಂತ ಮನೆ, ಉದ್ಯೋಗಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪಟ್ಟಿಗಳು ಈಚೆಗೆ ಬಹಳ ಓಡಾಡುತ್ತಿವೆ. ಅವುಗಳಲ್ಲಿ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿದ ಜೋಡಿಯೆಂದರೆ ಮಲೇಷ್ಯಾ ಮೂಲದವರು ಮತ್ತು ಇಂಗ್ಲಿಷ್ ಮೂಲದವರು. 2010ರ ಜನಗಣತಿಯಲ್ಲಿ ತಮ್ಮನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಮಲೇಷ್ಯಾದವರೆಂದು ಗುರುತಿಸಿಕೊಂಡವರು ಸುಮಾರು 26,000 ಮಂದಿ. 2020ರ ಗಣತಿಯಲ್ಲಿ ಇದೇ ರೀತಿ ಇಂಗ್ಲಿಷ್ ಮೂಲವನ್ನು ಬರೆಸಿದವರು 4.66 ಕೋಟಿ. ಒಂದು ಗುಂಪು ಒಂದು ಸಣ್ಣ ಪಟ್ಟಣದಷ್ಟಿದ್ದರೆ ಇನ್ನೊಂದು ಒಂದು ದೊಡ್ಡ ದೇಶದಷ್ಟಿದೆ. ಇವೆರಡಕ್ಕೂ ಒಂದೊಂದು ಆದಾಯದ ಅಂಕಿಯನ್ನು ಹಚ್ಚಿ, ಯಾರು ಮುಂದೆ ಯಾರು ಹಿಂದೆ ಎಂದು ಹೇಳಿಬಿಡುವುದು ಸುಲಭ. ಆ ಅಂಕಿ ಯಾವುದನ್ನು ಅಳೆಯುತ್ತಿದೆ ಎಂದು ವಿಚಾರಿಸುವುದೇ ಕಷ್ಟದ ಕೆಲಸ, ಮತ್ತು ನನಗೆ ಮುಖ್ಯವೆನಿಸುವುದೂ ಅದೇ.

ಮೊದಲು ಲೆಕ್ಕಕ್ಕೆ ಸಿಗುವವರು ಯಾರು ಎಂಬುದನ್ನು ನೋಡಬೇಕು. ವಂಶಮೂಲದ ಪ್ರಶ್ನೆ ಅಮೆರಿಕದ ಜನಗಣತಿಗೆ ಬಂದದ್ದು 1980ರಲ್ಲಿ. ಅದಕ್ಕೂ ಮುಂಚೆ ತಂದೆತಾಯಿಯರು ಹುಟ್ಟಿದ ದೇಶ ಯಾವುದು ಎಂದು ಕೇಳುತ್ತಿದ್ದರು. 1980ರಲ್ಲಿ ಇಂಗ್ಲಿಷ್ ಮೂಲ ಎಂದವರು 4.96 ಕೋಟಿ, 1990ರಲ್ಲಿ 3.27 ಕೋಟಿ, 2000ದಲ್ಲಿ 2.45 ಕೋಟಿ. ಇಪ್ಪತ್ತು ವರ್ಷಗಳಲ್ಲಿ ಒಂದು ಸಮುದಾಯ ಅರ್ಧಕ್ಕೆ ಇಳಿಯಲು ಅಲ್ಲಿ ಯುದ್ಧವೂ ನಡೆದಿಲ್ಲ, ಕ್ಷಾಮವೂ ಬಂದಿಲ್ಲ. ಪ್ರಶ್ನೆಯ ಕೆಳಗೆ ಉದಾಹರಣೆಯಾಗಿ ಕೊಡುವ ಹೆಸರುಗಳು ಬದಲಾದವು, ಮತ್ತು ಎಷ್ಟೋ ತಲೆಮಾರುಗಳ ಹಿಂದೆ ಬಂದವರ ಮಕ್ಕಳು ತಮ್ಮ ಮೂಲವನ್ನು ‘ಅಮೆರಿಕನ್’ ಎಂದಷ್ಟೇ ಬರೆಯತೊಡಗಿದರು. 2000ದಲ್ಲಿ ಹಾಗೆ ಬರೆದವರು ಎರಡು ಕೋಟಿಗೂ ಹೆಚ್ಚು. ಇವರು ಹೆಚ್ಚಾಗಿ ಕಂಡುಬರುವುದು ಕೆಂಟಕಿ, ಟೆನೆಸಿ, ವೆಸ್ಟ್ ವರ್ಜೀನಿಯಾ, ಅರ್ಕಾನ್ಸಾಗಳಲ್ಲಿ, ಅಂದರೆ ದೇಶದ ಬಡ ಪ್ರದೇಶಗಳೆಂದು ಬಹಳ ಕಾಲದಿಂದ ಹೆಸರಾದ ಕಡೆಗಳಲ್ಲಿ. ಇವರಲ್ಲಿ ಅನೇಕರ ಪೂರ್ವಿಕರು ಇಂಗ್ಲೆಂಡಿನಿಂದಲೂ ಸ್ಕಾಟ್ಲೆಂಡಿನಿಂದಲೂ ಬಂದವರೇ. ಹೀಗಿರುವಾಗ ಇಂಗ್ಲಿಷ್ ಮೂಲದವರ ಆದಾಯ ಎಂದು ನಾವು ಓದುವ ಅಂಕಿಯಲ್ಲಿ, ತಮ್ಮ ವಂಶದ ಚರಿತ್ರೆಯನ್ನು ನೆನಪಿಟ್ಟುಕೊಂಡವರ ಪಾಲು ಹೆಚ್ಚು, ಅಪಲೇಚಿಯಾ ಎಂಬ ಬೆಟ್ಟಸೀಮೆಯ ಕಲ್ಲಿದ್ದಲು ಗಣಿಯ ಊರುಗಳಲ್ಲಿ ಅದನ್ನು ಮರೆತವರ ಪಾಲು ಕಡಿಮೆ. ಆ ಬಡತನ ಇನ್ನೊಂದು ಹೆಸರಿನ ಸಾಲಿಗೆ ಹೋಗಿ ಸೇರಿಕೊಂಡಿದೆ.

ಮಲೇಷ್ಯಾದ ಕಡೆಯಲ್ಲೂ ಇದೇ ತೊಡಕು ಬೇರೆ ರೂಪದಲ್ಲಿದೆ. ಆ ದೇಶದಿಂದ ಅಮೆರಿಕಕ್ಕೆ ಹೋದವರಲ್ಲಿ ಚೀನೀ ಕುಲದವರು ಬಹಳ, ತಮಿಳು ಮತ್ತಿತರ ಭಾರತೀಯ ಕುಲದವರೂ ಇದ್ದಾರೆ. ಪೆನಾಂಗ್‌ನ ಹೊಕ್ಕಿಯನ್ ಎಂಬ ಚೀನೀ ಪಂಗಡದ ಒಬ್ಬ ಎಂಜಿನಿಯರ್ ಗಣತಿಯ ನಮೂನೆಯಲ್ಲಿ ‘ಚೈನೀಸ್’ ಎಂದು ಗುರುತು ಹಾಕಿದರೆ, ಇಪೋ ಪಟ್ಟಣದ ತಮಿಳು ವೈದ್ಯೆ ‘ಏಷ್ಯನ್ ಇಂಡಿಯನ್’ ಎಂದು ಗುರುತು ಹಾಕಿದರೆ, ಇಬ್ಬರೂ ಮಲೇಷ್ಯಾದ ಸಾಲಿನಿಂದ ಜಾರಿಹೋಗುತ್ತಾರೆ. ಮಲೇಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರ ಸಂಖ್ಯೆ ತಮ್ಮನ್ನು ಮಲೇಷ್ಯಾದವರೆಂದು ಕರೆದುಕೊಳ್ಳುವವರ ಸಂಖ್ಯೆಗಿಂತ ಬಹಳ ದೊಡ್ಡದಾಗಿರುವುದಕ್ಕೆ ಇದೇ ಕಾರಣ.

ಇನ್ನು ಈ ಜನ ಅಲ್ಲಿಗೆ ತಲುಪಿದ ದಾರಿ. ಈ ಹೋಲಿಕೆಯ ಹುರುಳೆಲ್ಲ ಇಲ್ಲಿದೆ ಎಂದು ನನ್ನ ಭಾವನೆ. ಇಂಗ್ಲಿಷರು 1607ರಲ್ಲಿ ಜೇಮ್ಸ್‌ಟೌನಿಗೆ, 1620ರಲ್ಲಿ ಪ್ಲಿಮತ್‌ಗೆ ಬಂದಿಳಿದ ಮೇಲೆ ಮೂರು ಶತಮಾನಗಳ ಕಾಲ ಎಲ್ಲ ಬಗೆಯ ಜನ ಆ ದಾರಿಯಲ್ಲಿ ಬಂದರು: ಜಮೀನ್ದಾರರ ಕಿರಿಯ ಮಕ್ಕಳು, ಧರ್ಮದ ಕಾರಣಕ್ಕೆ ಊರು ಬಿಟ್ಟವರು, ಹಡಗಿನ ಖರ್ಚಿಗೆ ಬದಲಾಗಿ ನಾಲ್ಕೈದು ವರ್ಷ ಜೀತದಂತೆ ದುಡಿಯಲು ಒಪ್ಪಿ ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳಿಗೆ ಬಂದ ಬಡವರು, ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಮನ್ ಪಂಥ ಸೇರಿ ಯೂಟಾಕ್ಕೆ ನಡೆದ ಲ್ಯಾಂಕಷೈರಿನ ಗಿರಣಿ ಕೆಲಸಗಾರರು. ಇವರ ಸಂತತಿ ಇಂದು ದೇಶದ ಉದ್ದಗಲಕ್ಕೆ, ಎಲ್ಲ ಅಂತಸ್ತುಗಳಲ್ಲಿ ಹರಡಿದೆ. ಆದ್ದರಿಂದ ಅವರ ಸರಾಸರಿ ದೇಶದ ಸರಾಸರಿಯಿಂದ ಬಹಳ ದೂರ ಹೋಗಲಾರದು; ವಯಸ್ಸು ಹೆಚ್ಚಿರುವುದರಿಂದಲೂ ಬಿಳಿಯರಿಗೆ ದೊರೆತ ಹಳೆಯ ಅನುಕೂಲಗಳಿಂದಲೂ ಅದು ಕೊಂಚ ಮೇಲೆ ನಿಲ್ಲುತ್ತದೆ.

ಮಲೇಷ್ಯಾದವರ ಕಥೆ ಶುರುವಾಗುವುದೇ 1965ರ ವಲಸೆ ಕಾಯ್ದೆಯ ನಂತರ. 1924ರ ಕಾಯ್ದೆ ಏಷ್ಯಾದವರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತ್ತು. 1965ರದು ಬಂಧುತ್ವ ಮತ್ತು ವೃತ್ತಿಕೌಶಲದ ಆಧಾರದ ಮೇಲೆ ಅದನ್ನು ತೆರೆಯಿತು. ಅದೇ ಹೊತ್ತಿಗೆ ಮಲೇಷ್ಯಾದಲ್ಲಿ ಜನರನ್ನು ಹೊರಕ್ಕೆ ದೂಡುವ ಕಾರಣಗಳು ಹುಟ್ಟಿಕೊಂಡವು. 1969ರ ಮೇ 13ರಂದು ಮಲಯರಿಗೂ ಚೀನೀಯರಿಗೂ ನಡೆದ ಗಲಭೆಗಳ ನಂತರ 1971ರಲ್ಲಿ ಬಂದ ಹೊಸ ಆರ್ಥಿಕ ನೀತಿ, ಕಂಪನಿಗಳ ಬಂಡವಾಳದಲ್ಲಿ ಶೇ. 30ರಷ್ಟು 1990ರ ಹೊತ್ತಿಗೆ ಮಲಯರು ಮತ್ತಿತರ ಮೂಲನಿವಾಸಿಗಳ ಕೈಯಲ್ಲಿರಬೇಕೆಂಬ ಗುರಿ ಇಟ್ಟುಕೊಂಡಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಅವರಿಗೆ ಸೀಟು ಮೀಸಲಾದವು. ಆ ನೀತಿಗೆ ಅದರದೇ ನ್ಯಾಯವಿತ್ತು: ಬ್ರಿಟಿಷರ ಆಳ್ವಿಕೆ ಮಲಯರನ್ನು ಹಳ್ಳಿಗಳಲ್ಲಿಯೇ ಬಿಟ್ಟು ವ್ಯಾಪಾರವನ್ನು ಬೇರೆಯವರಿಗೆ ಒಪ್ಪಿಸಿತ್ತು. ಆದರೆ ಸೀಟು ಸಿಗದ ಚೀನೀ ಮತ್ತು ಭಾರತೀಯ ಕುಟುಂಬಗಳು ಹೊಲ ಮನೆ ಮಾರಿಯಾದರೂ ಮಕ್ಕಳನ್ನು ಪರದೇಶಕ್ಕೆ ಕಳಿಸಲು ನಿರ್ಧರಿಸಿದವು; ಇತ್ತ ಸರ್ಕಾರ ತನ್ನ ವಿದ್ಯಾರ್ಥಿವೇತನದ ಮೇಲೆ ಮಲಯ ವಿದ್ಯಾರ್ಥಿಗಳನ್ನೂ ಹೊರಗೆ ಕಳಿಸಿತು.

ಅವರ ಮೊದಲ ಆಯ್ಕೆ ಬ್ರಿಟನ್ ಆಗಿತ್ತು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಿಂದ ವಿದೇಶಿ ವಿದ್ಯಾರ್ಥಿಗಳು ಶಿಕ್ಷಣದ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕೆಂದು ವಿಧಿಸಿದಾಗ ಬಿಸಿ ತಟ್ಟಿದ್ದು ಮುಖ್ಯವಾಗಿ ಮಲೇಷ್ಯಾ, ಹಾಂಗ್‌ಕಾಂಗ್‌ಗಳ ಕುಟುಂಬಗಳಿಗೆ. 1981ರಲ್ಲಿ ಪ್ರಧಾನಿಯಾದ ಮಹಾತಿರ್ ಮೊಹಮ್ಮದ್, ಬ್ರಿಟಿಷ್ ಸರಕನ್ನು ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಕೊಳ್ಳಬೇಕೆಂಬ ನೀತಿಯನ್ನೇ ಸಾರಿದರು. ಶುಲ್ಕದ ಏರಿಕೆ ಅದರ ಹಿಂದಿನ ಸಿಟ್ಟುಗಳಲ್ಲಿ ಒಂದು. ವಿದ್ಯಾರ್ಥಿಗಳ ಹರಿವು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ಅಗ್ಗದ ಸರ್ಕಾರಿ ವಿಶ್ವವಿದ್ಯಾಲಯಗಳ ಕಡೆಗೆ ತಿರುಗಿತು. 1980ರ ದಶಕದ ನಡುವೆ ಅಮೆರಿಕಕ್ಕೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದ ದೇಶಗಳ ಸಾಲಿನಲ್ಲಿ ಪುಟ್ಟ ಮಲೇಷ್ಯಾ ಮೇಲ್ತುದಿಯಲ್ಲಿತ್ತು. ಇಂಗ್ಲೆಂಡಿನ ಒಂದು ಬಜೆಟ್ ನಿರ್ಧಾರ ಅಮೆರಿಕದಲ್ಲಿ ಒಂದು ಮಲೇಷ್ಯಾ ಸಮುದಾಯ ಬೆಳೆಯಲು ನೆರವಾಯಿತು, ಈಗ ಅದೇ ಸಮುದಾಯವನ್ನು ಇಂಗ್ಲಿಷ್ ಮೂಲದವರ ಜೊತೆ ತೂಗುತ್ತಿದ್ದೇವೆ ಎಂಬುದು ನನಗೆ ಸೋಜಿಗವೆನಿಸುತ್ತದೆ.

ಹೀಗೆ ಓದಲು ಹೋದವರಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಉಳಿದವರು ಕೆಲಸ ಕೊಡುವ ಕಂಪನಿಯ ಅರ್ಜಿ, ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಎಂಬ ಜರಡಿಗಳನ್ನು ಒಂದೊಂದಾಗಿ ದಾಟಿ ಬಂದವರು. ವಿಶ್ವಬ್ಯಾಂಕ್ 2011ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಪರದೇಶಗಳಲ್ಲಿ ನೆಲೆಸಿದ ಮಲೇಷ್ಯಾದವರು ಸುಮಾರು ಹತ್ತು ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಕ್ಕದ ಸಿಂಗಾಪುರದಲ್ಲಿಯೇ ಇದ್ದರು. ಅಷ್ಟು ದೂರದ ಅಮೆರಿಕಕ್ಕೆ ಹೋಗಿ ನಿಲ್ಲುವವರು ಸಾಮಾನ್ಯವಾಗಿ ಪದವಿಯ ಬಲವುಳ್ಳವರು. ಇಂಟೆಲ್ 1972ರಲ್ಲಿ ಪೆನಾಂಗ್‌ನಲ್ಲಿ ಚಿಪ್ ಜೋಡಿಸುವ ಕಾರ್ಖಾನೆ ತೆರೆದ ಮೇಲೆ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಗೆ ಇನ್ನೊಂದು ದಾರಿಯೂ ಬಿದ್ದಿತು. ಇಂದು ಚಿಪ್ ಕಂಪನಿ ಬ್ರಾಡ್‌ಕಾಮ್‌ನ ಮುಖ್ಯಸ್ಥ ಹಾಕ್ ಟ್ಯಾನ್ ಪೆನಾಂಗ್‌ನಲ್ಲಿ ಹುಟ್ಟಿದವರು. 2025ರಲ್ಲಿ ಇಂಟೆಲ್‌ನ ಚುಕ್ಕಾಣಿ ಹಿಡಿದ ಲಿಪ್-ಬು ಟ್ಯಾನ್ ಜೋಹೋರ್ ರಾಜ್ಯದ ಮುಆರ್‌ನಲ್ಲಿ ಹುಟ್ಟಿ ಸಿಂಗಾಪುರದಲ್ಲಿ ಬೆಳೆದವರು.

ಇಂಥ ಹೆಸರುಗಳು ಬಂದಾಗ ಸರಾಸರಿಯ ಬಗ್ಗೆ ಎಚ್ಚರವಿರಬೇಕು. ಹಾಕ್ ಟ್ಯಾನ್ ಅವರ 2023ರ ಸಂಭಾವನೆ, ಬಹುಪಾಲು ಷೇರುಗಳ ರೂಪದಲ್ಲಿ, ಸುಮಾರು 16 ಕೋಟಿ ಡಾಲರ್ ಎಂದು ಕಂಪನಿ ಘೋಷಿಸಿತ್ತು. ಹತ್ತು ಸಾವಿರ ಮನೆಗಳ ಒಂದು ಸಮುದಾಯವನ್ನು ಊಹಿಸಿಕೊಂಡು ಅದಕ್ಕೆ ಇಂಥ ಒಂದೇ ಮನೆಯನ್ನು ಸೇರಿಸಿದರೆ ಪ್ರತಿ ಮನೆಯ ಸರಾಸರಿ ಆದಾಯ ಕಾಗದದ ಮೇಲೆ 16,000 ಡಾಲರ್ ಏರುತ್ತದೆ, ಉಳಿದ ಯಾರ ಜೇಬಿಗೂ ಒಂದು ಸೆಂಟ್ ಬಂದಿರುವುದಿಲ್ಲ. ಎಲ್ಲ ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿ ನಡುವಿನ ಮನೆಯನ್ನು ಆರಿಸುವ ಮಧ್ಯಾಂಕವನ್ನೇ ಜನಗಣತಿ ಕಚೇರಿ ಮುಂದಿಡುವುದು ಈ ಕಾರಣಕ್ಕೆ.

ಆದರೆ ಮಧ್ಯಾಂಕವೂ ಎಲ್ಲವನ್ನೂ ಹೇಳುವುದಿಲ್ಲ. 2023ರಲ್ಲಿ ಅಮೆರಿಕದ ಕುಟುಂಬಗಳ ಆದಾಯದ ಮಧ್ಯಾಂಕ 80,610 ಡಾಲರ್. ಹಿಸ್ಪಾನಿಕರಲ್ಲದ (ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದವರಲ್ಲದ) ಬಿಳಿಯರದು 89,050, ಏಷ್ಯನ್ನರದು 1,12,800. ಈ ‘ಏಷ್ಯನ್’ ಎಂಬ ದೊಡ್ಡ ಹೆಸರಿನೊಳಗೆ 2019ರಲ್ಲಿ ಭಾರತೀಯ ಮೂಲದವರ 1,19,000 ಡಾಲರಿನಿಂದ ಬರ್ಮಾ ಮೂಲದವರ 44,400 ಡಾಲರಿನವರೆಗೆ ಅಂತರವಿತ್ತು, ಹಾಗಾಗಿ ಅದನ್ನು ಮಲೇಷ್ಯಾದವರ ಬಾಬತ್ತಿಗೆ ನೇರವಾಗಿ ಬರೆದುಕೊಳ್ಳುವಂತಿಲ್ಲ. ಮಲೇಷ್ಯಾ ಮೂಲದ ಸಣ್ಣ ಸಮುದಾಯದೊಳಗೂ ಇದೇ ಹರವಿದೆ: ನ್ಯೂಯಾರ್ಕಿನ ಕ್ವೀನ್ಸ್‌ನ ಹೋಟೆಲುಗಳ ಅಡುಗೆಮನೆಗಳಲ್ಲಿ, ಪ್ರವಾಸಿ ವೀಸಾದ ಅವಧಿ ಮುಗಿದ ಮೇಲೂ ದುಡಿಯುತ್ತ ಉಳಿದ ಮಲೇಷ್ಯಾದ ಚೀನೀಯರು ಇದ್ದಾರೆ. ಸರ್ಕಾರದ ಸಮೀಕ್ಷೆ ಮನೆಗೆ ಬಂದಾಗ ಬಾಗಿಲು ತೆರೆಯಲು ಎಲ್ಲರಿಗಿಂತ ಹಿಂಜರಿಯುವವರು ಇವರೇ.

ಜೊತೆಗೆ ಎಲ್ಲಿ ವಾಸ ಎಂಬ ಪ್ರಶ್ನೆ. ಬೆಲೆಗಳ ಮಟ್ಟವನ್ನು ಇಡೀ ದೇಶಕ್ಕೆ 100 ಎಂದು ಹಿಡಿದರೆ ಕ್ಯಾಲಿಫೋರ್ನಿಯಾದಲ್ಲಿ ಅದು ಸುಮಾರು 112, ಅರ್ಕಾನ್ಸಾದಲ್ಲಿ ಸುಮಾರು 87. ಈ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಲಕ್ಷ ಡಾಲರ್ ಅರ್ಕಾನ್ಸಾದ ಸುಮಾರು 77,700 ಡಾಲರಿಗೆ ಸಮ. ದುಬಾರಿ ಮಹಾನಗರಗಳಲ್ಲಿ ಒತ್ತೊತ್ತಾಗಿ ನೆಲೆಸಿದ ಒಂದು ಗುಂಪನ್ನು, ಮೇನ್, ವರ್ಮಾಂಟ್, ಯೂಟಾಗಳಂಥ ಕಡೆ ಸಣ್ಣ ಪಟ್ಟಣಗಳಲ್ಲೂ ಹರಡಿಕೊಂಡ ಇನ್ನೊಂದು ಗುಂಪಿನೊಡನೆ ಹೋಲಿಸುವಾಗ ಇದನ್ನು ಬಿಟ್ಟರೆ ಹೋಲಿಕೆ ಅರ್ಧಂಬರ್ಧವಾಗುತ್ತದೆ. ಸರ್ಕಾರದ ಅಧಿಕೃತ ಬಡತನ ರೇಖೆ ಅಲಾಸ್ಕಾದಿಂದ ಫ್ಲಾರಿಡಾದವರೆಗೆ ಒಂದೇ ಇದೆ; ಮನೆ ಬಾಡಿಗೆಯನ್ನೂ ಪರಿಗಣಿಸುವ ಪೂರಕ ಮಾಪನವನ್ನು 2011ರಿಂದ ಪ್ರಕಟಿಸುತ್ತಿದ್ದಾರೆ, ಅದರಲ್ಲಿ ಶ್ರೀಮಂತ ಕ್ಯಾಲಿಫೋರ್ನಿಯಾ ಬಡತನದ ಪಟ್ಟಿಯ ಮೇಲ್ತುದಿಗೆ ಏರುತ್ತದೆ.

ಕೆಲವು ಹೋಲಿಕೆಗಳು ಇನ್ನೂ ದೊಡ್ಡ ಎಡವಟ್ಟು ಮಾಡುತ್ತವೆ. ಯಾವ ಜಿಲ್ಲೆಯಲ್ಲಿ ಯಾವ ಮೂಲದವರು ಎಷ್ಟಿದ್ದಾರೆ ಎಂಬುದನ್ನು ಆ ಜಿಲ್ಲೆಯ ಆದಾಯದೊಂದಿಗೆ ತಾಳೆಹಾಕಿ, ಮಲೇಷ್ಯಾದವರು ಹೆಚ್ಚಿರುವ ಕಡೆ ಆದಾಯವೂ ಹೆಚ್ಚು ಎಂಬುದರಿಂದ ಮಲೇಷ್ಯಾದವರ ಆದಾಯ ಹೆಚ್ಚು ಎಂಬ ತೀರ್ಮಾನಕ್ಕೆ ಜಿಗಿಯುತ್ತವೆ. ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಎಸ್. ರಾಬಿನ್‌ಸನ್ 1950ರಲ್ಲಿಯೇ ಈ ತರ್ಕದ ಬುಡ ಅಲುಗಿಸಿದ್ದರು. 1930ರ ಜನಗಣತಿಯಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ರಾಜ್ಯಗಳ ಮಟ್ಟದಲ್ಲಿ ಆ ಸಹಸಂಬಂಧ, ಅಂದರೆ ಎರಡೂ ಜೊತೆಯಾಗಿ ಏರಿಳಿಯುವುದರ ಅಳತೆ, ಋಣ 0.53ರಷ್ಟು: ಒಂದು ಹೆಚ್ಚಿದಲ್ಲಿ ಇನ್ನೊಂದು ಕಡಿಮೆ. ವ್ಯಕ್ತಿಗಳನ್ನೇ ತೆಗೆದುಕೊಂಡು ನೋಡಿದಾಗ ಅದು ತಿರುಗಿ ಧನ 0.12 ಆಯಿತು, ಅಂದರೆ ವಲಸಿಗರಲ್ಲಿ ಅನಕ್ಷರತೆ ಕೊಂಚ ಹೆಚ್ಚೇ ಇತ್ತು. ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಿಗೆ ವಲಸಿಗರು ಹೋಗಿ ನೆಲೆಸಿದ್ದರು, ಅಷ್ಟೇ. ಸಿಲಿಕಾನ್ ಕಣಿವೆಯ ಸ್ಯಾನ್‌ಹೋಸೆ ನಗರದ ಸುತ್ತಿನ ಆದಾಯವನ್ನು ಅಲ್ಲಿರುವ ಕೆಲವೇ ಸಾವಿರ ಮಲೇಷ್ಯಾದವರ ಹೆಸರಿಗೆ ಬರೆಯುವುದು ಅದೇ ಜಾತಿಯ ತಪ್ಪು.

ಆದಾಯವನ್ನು ಬಿಟ್ಟು ಆಸ್ತಿಯ ಕಡೆ ತಿರುಗಿದರೆ ಕಾಲದ ಪ್ರಭಾವ ಎದ್ದು ಕಾಣುತ್ತದೆ. ಇಂಗ್ಲಿಷ್ ಮೂಲದವರಿಗೆ ನೆಲೆಸಲು ಬಂದವರಿಗೆ ಸರ್ಕಾರಿ ಭೂಮಿ ಹಂಚಿದ 1862ರ ಹೋಮ್‌ಸ್ಟೆಡ್ ಕಾಯ್ದೆಯ ಜಮೀನು, 1934ರಿಂದ ಸರ್ಕಾರಿ ಭರವಸೆಯ ಗೃಹಸಾಲ, 1944ರ ಮಾಜಿ ಸೈನಿಕರ ಸವಲತ್ತುಗಳು ಒಂದರ ಮೇಲೊಂದು ದೊರೆತವು. ಕ್ಯಾಲಿಫೋರ್ನಿಯಾ 1913ರಲ್ಲಿ ಏಷ್ಯಾದ ವಲಸಿಗರಿಗೆ ಕೃಷಿಭೂಮಿಯ ಒಡೆತನವನ್ನೇ ನಿಷೇಧಿಸಿತ್ತು. ಆ ಕಾನೂನು ಬಿದ್ದುಹೋದ ಮೇಲೆ ಬಂದ ಮಲೇಷ್ಯಾದವರು ಅದರಿಂದ ಪಾರಾದರು, ಆದರೆ ಅಜ್ಜನ ಮನೆಯೆಂಬುದೂ ಅವರಿಗೆ ಅಲ್ಲಿರಲಿಲ್ಲ. ಇಂಗ್ಲಿಷ್ ಮೂಲದವರಲ್ಲಿ ವಯಸ್ಸಾದವರ ಪಾಲು ಹೆಚ್ಚಾದ್ದರಿಂದ ನಿವೃತ್ತರ ಮನೆಗಳೂ ಹೆಚ್ಚು: ಆದಾಯದ ಪಟ್ಟಿಯಲ್ಲಿ ಅವು ಕೆಳಗೆ, ಆದರೆ ಮನೆಯ ಸಾಲ ತೀರಿರುತ್ತದೆ. ಮಲೇಷ್ಯಾದವರಲ್ಲಿ ದುಡಿಯುವ ವಯಸ್ಸಿನ, ಗಂಡ ಹೆಂಡತಿ ಇಬ್ಬರೂ ಸಂಬಳ ತರುವ, ಕಂತು ಕಟ್ಟುತ್ತಿರುವ ಮನೆಗಳು ಹೆಚ್ಚು. ಈ ಇಬ್ಬರಲ್ಲಿ ಯಾರು ಹೆಚ್ಚು ಸುಖಿ ಎಂದು ಕುಟುಂಬದ ವಾರ್ಷಿಕ ಆದಾಯವೊಂದರಿಂದ ಹೇಳಲು ಬರುವುದಿಲ್ಲ. ಒಂದೇ ವಯಸ್ಸಿನ, ಒಂದೇ ಮಟ್ಟದ ಶಿಕ್ಷಣದ, ಒಂದೇ ನಗರದ ಇಬ್ಬರನ್ನು ಎರಡು ಗುಂಪುಗಳಿಂದ ಆಯ್ದು ಹೋಲಿಸಿದರೆ ಅಂತರದ ದೊಡ್ಡ ಪಾಲು ಕರಗಬಹುದೆಂದು ನನ್ನ ಅಂದಾಜು. ಕರಗದೆ ಉಳಿದದ್ದಷ್ಟೇ ಚರ್ಚೆಗೆ ಯೋಗ್ಯ.

ಮುಂದಿನ ಗಣತಿಯ ಹೊತ್ತಿಗೆ ಈ ಸಾಲುಗಳು ಮತ್ತೆ ಸ್ಥಾನ ಬದಲಿಸಲಿವೆ. ಜನಗಣತಿ ಕಚೇರಿಯ ಈಗಿನ ಸಮೀಕ್ಷೆಯಲ್ಲಿ ಒಬ್ಬರು ಎರಡು ವಂಶಮೂಲಗಳನ್ನು ಬರೆಸಬಹುದು, ಆದ್ದರಿಂದ ಮಲೇಷ್ಯಾದ ತಾಯಿ ಮತ್ತು ಇಂಗ್ಲಿಷ್ ಮೂಲದ ತಂದೆಯ ಮಗಳು ಎರಡೂ ಸಾಲುಗಳಲ್ಲಿ ಎಣಿಕೆಯಾಗುತ್ತಾಳೆ, ಅವಳ ಸಂಬಳವೂ ಎರಡೂ ಕಡೆ ಸೇರುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಸರ್ಕಾರ ಜನಾಂಗದ ಪ್ರಶ್ನೆಯ ಮಾನದಂಡವನ್ನು ಪರಿಷ್ಕರಿಸಿದಾಗ ಕೊಟ್ಟ ಮಾದರಿ ನಮೂನೆಯಲ್ಲಿ ‘ಇಂಗ್ಲಿಷ್’ ಎಂಬುದಕ್ಕೆ ಗುರುತು ಹಾಕುವ ಚೌಕವಿದೆ. ಮಲೇಷ್ಯಾದವರು ಖಾಲಿ ಜಾಗದಲ್ಲಿ ತಾವೇ ಬರೆದುಕೊಳ್ಳಬೇಕು. ನಮೂನೆಯಲ್ಲಿ ತಮ್ಮ ಮೂಲದ ಹೆಸರು ಕಂಡವರು ಅದನ್ನು ಹೆಚ್ಚಾಗಿ ಬರೆಸುತ್ತಾರೆ ಎಂಬುದು 1980ರಿಂದ ಈಚಿನ ಅನುಭವ. ಕೆಂಟಕಿ, ಟೆನೆಸಿಗಳ ‘ಅಮೆರಿಕನ್’ ಮೂಲದವರಲ್ಲಿ ಒಂದಷ್ಟು ಮಂದಿ ಹಾಗೆ ಇಂಗ್ಲಿಷ್ ಸಾಲಿಗೆ ಮರಳಿದರೆ, ಆ ಸಮುದಾಯದ ಆದಾಯದ ಮಧ್ಯಾಂಕ ಯಾರ ಸಂಬಳವೂ ಕಡಿಮೆಯಾಗದೆಯೇ ಕೆಳಗಿಳಿಯುತ್ತದೆ.