ಭಾಮಿನಿ ಷಟ್ಪದಿಗೆ ಎಷ್ಟು ಸ್ಟೇಟ್ ಬೇಕು? – ಮೂರನೇ ತಿಂಗಳ ಲೆಕ್ಕ

ಭಾಮಿನಿ ಷಟ್ಪದಿಯ ಪದ್ಯ ಛಂದಸ್ಸಿಗೆ ಸರಿಯಿದೆಯೇ ಅಂತ ನೋಡಲು ಒಂದು ಆಟೊಮ್ಯಾಟನ್ ಕಟ್ಟುತ್ತಿದ್ದೇನೆ: ಚಿಹ್ನೆಗಳನ್ನು ಒಂದೊಂದಾಗಿ ಓದುತ್ತ, ಒಂದು ಸ್ಟೇಟಿನಿಂದ (ಸ್ಥಿತಿಯಿಂದ) ಇನ್ನೊಂದಕ್ಕೆ ಬಾಣ ಹಿಡಿದು ಹೋಗಿ, ಕೊನೆಗೆ ಸರಿ ಅಥವಾ ತಪ್ಪು ಅನ್ನುವ ಕಾಗದದ ಮೇಲಿನ ಯಂತ್ರ. ಹೋದ ಸಲ ಬರೆದಾಗ ಒಂದು ಸಾಲಿನದು ಮುಗಿದಿತ್ತು. ಈ ತಿಂಗಳು ಇಡೀ ಪದ್ಯ ಕೈಗೆ ಬಂತು, ಪ್ರಾಸಕ್ಕೂ ಕೈ ಹಾಕಿದೆ. ನಡುವೆ ನಾಲ್ಕು ಸಂಜೆ ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಸಂಕೇತ ಪದ್ಧತಿ) ಪಾಲಾಯಿತು.

ಹೊಸದಾಗಿ ಓದುತ್ತಿರುವವರಿಗೆ: ಫಾರ್ಮಲ್ ಲ್ಯಾಂಗ್ವೇಜಿನಲ್ಲಿ ಅರ್ಥದ ಗೊಡವೆಯಿಲ್ಲ. ಒಂದಿಷ್ಟು ಚಿಹ್ನೆ, ಅವುಗಳ ಸರಣಿಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಅನ್ನುವ ಕಟ್ಟಳೆ, ಅಷ್ಟೆ. ನನ್ನ ಚಿಹ್ನೆಗಳು ಎರಡೇ, ಒಂದು ಮಾತ್ರೆಯ ಲಘು ಮತ್ತು ಎರಡು ಮಾತ್ರೆಯ ಗುರು. ಭಾಮಿನಿಯ ಚಿಕ್ಕ ಸಾಲಿಗೆ 3, 4, 3, 4 ಮಾತ್ರೆಯ ಗಣಗಳು, ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲು ಉದ್ದ: 3, 4 ಮೂರು ಸಲ ಬಂದು ಕೊನೆಗೊಂದು ಗುರು, 23 ಮಾತ್ರೆ. ಇಡೀ ಪದ್ಯಕ್ಕೆ 102.

ಗಣದ ಗೆರೆಗಳನ್ನು ಮರೆತು ಬರೀ 14 ಮಾತ್ರೆ ಅಂದುಕೊಂಡರೆ ಲಘು-ಗುರುಗಳನ್ನು 610 ಬಗೆಯಲ್ಲಿ ಜೋಡಿಸಬಹುದು. 1, 2, 3, 5, 8 ಎಂದು ಏರುವ ಸರಣಿಯದೇ ಸಂಖ್ಯೆ ಇದು. ಜಗತ್ತು ಫಿಬೊನಾಚಿ ಹೆಸರಿನಲ್ಲಿ ಕರೆಯುವ ಈ ಸರಣಿಯನ್ನು ನಮ್ಮ ಛಂದಸ್ಸಿನವರು, ವಿರಹಾಂಕ, ಹೇಮಚಂದ್ರರು, ಮಾತ್ರೆ ಎಣಿಸುತ್ತಲೇ ಅವನಿಗಿಂತ ಮೊದಲು ಕಂಡಿದ್ದರು. ಗುರು ಗಣದ ಗೆರೆ ದಾಟಬಾರದು ಅಂದ ಕೂಡಲೇ 610 ಹೋಗಿ 225 ಆಗುತ್ತದೆ. ಗಣ ಲಘು-ಗುರುವಿನಿಂದ ಶುರುವಾಗಬಾರದು ಅನ್ನುವ ನಿಯಮವನ್ನೂ ಸೇರಿಸಿದರೆ ಉಳಿಯುವುದು ಬರೀ 64.

ಈ ಕೊನೆಯ ನಿಯಮಕ್ಕೆ ಹೆದರಿದ್ದೆ. ನಿಯಮ ಬಿಗಿಯಾದಷ್ಟೂ ಯಂತ್ರ ದೊಡ್ಡದಾಗುತ್ತದೆ ಅಂತ ಮನಸ್ಸಿನಲ್ಲಿ ಕೂತಿತ್ತು. ಒಂದು ಸ್ಟೇಟೂ ಹೆಚ್ಚಲಿಲ್ಲ! ಮೊದಲೂ 16, ಆಮೇಲೂ 16: ಸೊನ್ನೆಯಿಂದ 14ರವರೆಗೆ ಮಾತ್ರೆಗೊಂದು, ತಪ್ಪಿದ ಸಾಲು ಬಂದು ಬೀಳುವ ಗುಂಡಿ ಇನ್ನೊಂದು. ಹೋದದ್ದು ಕೆಲವು ಬಾಣಗಳು ಮಾತ್ರ. ಗಣದ ಮೊದಲ ಲಘು ಆದಮೇಲಿನ ಸ್ಟೇಟಿನಿಂದ ಹೊರಡುತ್ತಿದ್ದ ಗುರುವಿನ ಬಾಣ ಈಗ ಗುಂಡಿಗೆ ಹೋಗುತ್ತದೆ, ಅಷ್ಟೆ. 16ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಅನ್ನುವುದಕ್ಕೆ ಮೈಹಿಲ್–ನೆರೋಡ್ ಪ್ರಮೇಯವಿದೆ. ಎರಡು ಸ್ಟೇಟುಗಳಿಂದ ಮುಂದೆ ಬರಬಹುದಾದದ್ದು ಒಂದೇ ಆಗಿದ್ದರೆ ಮಾತ್ರ ಅವನ್ನು ಕೂಡಿಸಬಹುದು. ಇಲ್ಲಿ ಒಂದೊಂದು ಸ್ಟೇಟಿಗೂ ಬಾಕಿ ಇರುವ ಲಘುಗಳ ಸಂಖ್ಯೆಯೇ ಬೇರೆ.

ಆರು ಸಾಲನ್ನೂ ಸರಪಳಿಯಂತೆ ಜೋಡಿಸಿದಾಗ ಬಂದದ್ದು 102 ಸ್ಟೇಟ್. 102 ಮಾತ್ರೆ, 102 ಸ್ಟೇಟ್! ಎರಡು ದಿನ ಇದೇನೋ ದೊಡ್ಡ ಗುಟ್ಟು ಅಂದುಕೊಂಡು ಓಡಾಡಿದೆ. ಏನೂ ಇಲ್ಲ, ಕಾಕತಾಳೀಯ. ಸೊನ್ನೆಯಿಂದ 102ರವರೆಗೆ 103 ಆಗುತ್ತದೆ. ಉದ್ದ ಸಾಲುಗಳ ಕೊನೆಯ ಗುರುವಿನ ಹೊಟ್ಟೆಯೊಳಗೆ ಸಿಕ್ಕ 50 ಮತ್ತು 101ನ್ನು ಯಾರೂ ಮುಟ್ಟುವುದಿಲ್ಲ. ಗುಂಡಿ ಒಂದು ಸೇರುತ್ತದೆ.

ಈ ಕೊನೆಯ ಗುರುವಿನ ವಿಷಯದಲ್ಲಿ ದೊಡ್ಡಪ್ಪನ ಹತ್ತಿರ ಬೈಸಿಕೊಂಡೆ. ಅವರು ಗಮಕ ವಾಚನ ಮಾಡುವವರು. ಪ್ರೋಗ್ರಾಮ್ ತೋರಿಸಿ, "ಈ ಪದ್ಯ ತಪ್ಪು ಅಂತಿದೆ ದೊಡ್ಡಪ್ಪ, ಕೊನೇಲಿ ಲಘು ಬಂದಿದೆ" ಅಂದೆ. "ಪದ್ಯ ತಪ್ಪಲ್ಲ ಕಣೋ, ನಿನ್ನ ಯಂತ್ರಕ್ಕೆ ಕಿವಿ ಇಲ್ಲ. ಅಲ್ಲಿ ನಾವು ಎಳೆದು ನಿಲ್ಲಿಸ್ತೀವಿ, ಲಘು ಇದ್ರೂ ಗುರುನೇ" ಅಂದರು. ಎರಡು ಕಡೆ ಒಂದೊಂದು ಬಾಣ ತಿರುಗಿಸಿದೆ. ಸ್ಟೇಟ್ ಮತ್ತೆ ಅಷ್ಟೇ.

ಇನ್ನು ಯೂನಿಕೋಡ್ ಕಥೆ. ಪರೀಕ್ಷೆಗೆಂದು ನಾನೇ ಹೊಸೆದ ಸಾಲು: "ನೀರ ಹನಿಗಳು ಬಿದ್ದ ಕಲ್ಲಲಿ". ನೀರ, ಹನಿಗಳು, ಬಿದ್ದ, ಕಲ್ಲಲಿ: ಸರಿಯಾಗಿ 3, 4, 3, 4. ಕೈಯಲ್ಲಿ ಟೈಪ್ ಮಾಡಿದರೆ ಪಾಸ್. ಅದನ್ನೇ ಒಂದು ಹಳೇ ಫೈಲಿನಿಂದ ಎತ್ತಿ ಅಂಟಿಸಿದರೆ ಫೇಲ್, ಅದೂ "ಬಿದ್ದ"ದ ಹತ್ತಿರ. ಒತ್ತಕ್ಷರದ ಕೋಡಿನಲ್ಲೇ ತಪ್ಪಿದೆ ಅಂತ ಮೂರು ಸಂಜೆ ಅಲ್ಲೇ ಕೆದಕಿದೆ. ನಿಜವಾದ ರೋಗ ಮೊದಲ ಅಕ್ಷರದಲ್ಲಿತ್ತು. ಆ ಫೈಲಿನಲ್ಲಿ "ನೀ" ಮೂರು ತುಂಡು: ನ, ಗುಡಿಸು, ಆಮೇಲೆ ದೀರ್ಘದ ಗುರುತು ಬೇರೆಯಾಗಿ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನನ್ನ ಕೋಡು ಗುಡಿಸು ನೋಡಿ ಲಘು ಎಂದು ಬರೆದುಕೊಂಡು, ದೀರ್ಘವನ್ನು ಗುರುತಿಸದೆ ಮುಂದೆ ಹೋಗಿತ್ತು. ಹಾಗಾಗಿ "ಹನಿಗಳು" ಮುಗಿದಾಗ ಎಣಿಕೆ ಏಳರ ಬದಲು ಆರು. ಮುಂದಿನ "ಬಿ" ಗುರು, ಏಳರ ಗೆರೆ ದಾಟಿ ಎಂಟಕ್ಕೆ ಕಾಲಿಟ್ಟಿತು, ಗುಂಡಿಗೆ ಬಿತ್ತು. ಓದುವ ಮೊದಲು ಪಠ್ಯವನ್ನು ನಾರ್ಮಲೈಸ್ ಮಾಡುವ, ಅಂದರೆ ಇಂಥ ತುಂಡುಗಳನ್ನು ಒಂದೇ ರೂಪಕ್ಕೆ ತರುವ, ಒಂದೇ ಸಾಲಿನ ಕೋಡಿನಿಂದ ಎಲ್ಲ ಸರಿಹೋಯಿತು.

ಪ್ರಾಸವನ್ನು ಕೊನೆಗೆ ಇಟ್ಟುಕೊಂಡಿದ್ದು ಸುಲಭ ಅಂತ. ಎಲ್ಲ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ, ಶಾಲೆಯಲ್ಲಿ ಒಂದು ವಾಕ್ಯದಲ್ಲಿ ಕಲಿತದ್ದು. ಯಂತ್ರಕ್ಕೆ ಭಾರವಾದದ್ದು ಇದೇ ನೋಡಿ. ಮಾತ್ರೆಯನ್ನು ಎಣಿಸುವವನಿಗೆ ಮುಗಿದ ಗಣ ಹೇಗಿತ್ತು ಅಂತ ನೆನಪಿಡಬೇಕಿಲ್ಲ. ಪ್ರಾಸ ಹಿಡಿಯುವವನು ಮೊದಲ ಸಾಲಿನ ವ್ಯಂಜನವನ್ನು ಆರನೇ ಸಾಲಿನವರೆಗೆ ಹೊತ್ತು ನಡೆಯಬೇಕು. ವ್ಯಂಜನ 34, ಹಾಗಾಗಿ ಸರಪಳಿಯೂ 34. ಒತ್ತಕ್ಷರಗಳನ್ನು ಸದ್ಯಕ್ಕೆ ಬಿಟ್ಟು ಕಟ್ಟಿದಾಗಲೇ 3,540 ಸ್ಟೇಟ್. ವ್ಯಂಜನಗಳಿಗೆ ಒಂದು ಮಿತಿ ಇರುವುದರಿಂದಷ್ಟೇ ಇದು ಇನ್ನೂ ರೆಗ್ಯುಲರ್, ಅಂದರೆ ಸ್ಟೇಟುಗಳಿಗೆ ಮಿತಿಯಿರುವ ಇಂಥ ಯಂತ್ರಕ್ಕೆ ಎಟುಕುವಂಥದ್ದು.

ಹಾಪ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿ 1971ರಲ್ಲಿ ಕೊಟ್ಟ ವಿಧಾನದಿಂದ, ಕೂಡಿಸಬಹುದಾದ ಸ್ಟೇಟುಗಳನ್ನೆಲ್ಲ ಕೂಡಿಸಿ, ಯಂತ್ರವನ್ನು ಕಿರಿದಾಗಿಸಿದೆ. 2,847ಕ್ಕೆ ಇಳಿಯಿತು. 693 ಎಲ್ಲಿ ಹೋದವು? ಕಾಗದದ ಮೇಲೆ ಲೆಕ್ಕ ಹಾಕಿದಾಗ ಖುಷಿಯಾಯಿತು. ಆರನೇ ಸಾಲಿನ ಎರಡನೇ ಅಕ್ಷರ ದಾಟಿದ ಮೇಲೆ ವ್ಯಂಜನ ಯಾರಿಗೂ ಬೇಡ, ಮರೆತುಬಿಡಬಹುದು. ಅಲ್ಲಿಂದ ಪದ್ಯ ಮುಗಿಯುವವರೆಗೆ 21 ಸ್ಟೇಟ್. 34 ಸರಪಳಿಗಳಲ್ಲಿ ಒಂದರ ಬಾಲ ಸಾಕು, 33 ಬಾಲ ದಂಡ. 21 ಗುಣಿಸು 33, ಸರಿಯಾಗಿ 693.

ಮುಂದಿನ ತಿಂಗಳು ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರದ ಹಿಂದೆ ಹ್ರಸ್ವವೋ ದೀರ್ಘವೋ ಬಿಂದುವೋ ಅಂತಲೂ ನೋಡುವ ಈ ಆರು ಪ್ರಾಸಗಳು ಬಂದರೆ ಸರಪಳಿ ಇನ್ನೆಷ್ಟು ಕವಲೊಡೆಯುತ್ತದೋ. ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ, ಚಿತ್ರ ಬರೆಯುವ ಗೋಡೆಯ ಬೋರ್ಡಿನಲ್ಲಿ ಜಾಗವಿಲ್ಲ.