ಮಿಲ್ಟ್ರಿ ಸೇರಿದರೆ ದೇಶಸೇವೆ ಮಾಡಿದ ಹಾಗೇನಾ?

ಮಂಡ್ಯದ ಸ್ಟೇಡಿಯಂನಲ್ಲಿ ಅಗ್ನಿವೀರ್ ರ್‍ಯಾಲಿಗೆ ಅಂತ ಬೆಳಗ್ಗೆ ಓಡುವ ಹುಡುಗರು, ನಾನು ಮಾಜಿ ಸೈನಿಕ ಅಂತ ಗೊತ್ತಾದ ಕೂಡಲೇ ಕೇಳುವುದು ಇದನ್ನೇ. "ಸಾರ್, ಸಂಬಳ ಕೊಡೋದು ಸರ್ಕಾರ, ಆರ್ಡರ್ ಕೊಡೋದೂ ಸರ್ಕಾರ. ಮತ್ತೆ ದೇಶಸೇವೆ ಅಂತಾರಲ್ಲ, ಅದು ಹೇಗೆ?"

ಸರ್ಕಾರದ ಕೆಲಸ, ದೇಶಸೇವೆ ಎರಡೂ ಒಂದೇ ಅಲ್ಲ ಅನ್ನುತ್ತೇನೆ. ಎಷ್ಟೋ ಸಲ ಕೂಡಿಕೊಂಡೇ ಹೋಗುತ್ತವೆ. ಯಾವಾಗಲೂ ಅಲ್ಲ.

ದೂರ ಯಾಕೆ, ಮೈಸೂರನ್ನೇ ನೋಡಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲ್‌ನ ಹೈಫಾ ಪಟ್ಟಣ ಗೆದ್ದವರಲ್ಲಿ ನಮ್ಮ ಮಹಾರಾಜರ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕುದುರೆ ಏರಿ, ಭರ್ಜಿ ಹಿಡಿದು, ಮಷಿನ್‌ಗನ್ ಎದುರು ನುಗ್ಗಿದವರು. ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಯುದ್ಧ ಬ್ರಿಟಿಷರದ್ದು.

ಇನ್ನು ಮೈಸೂರಿನದೇ ರಾಮಸ್ವಾಮಿ ಸರ್ಕಲ್. ಅಲ್ಲಿ ದಿನಾ ಸಿಗ್ನಲ್‌ಗೆ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಕಥೆ ಗೊತ್ತೋ! 1947ರ ಸೆಪ್ಟೆಂಬರ್. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರಲ್ಲಿ ಮಾತ್ರ ಇನ್ನೂ ಜನರ ಸರ್ಕಾರ ಬಂದಿರಲಿಲ್ಲ. 'ಮೈಸೂರು ಚಲೋ' ಚಳವಳಿಯಲ್ಲಿ ಬಾವುಟ ಹಾರಿಸಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದ್ದು ಸರ್ಕಾರದ ಕಡೆಯವರೇ. ಮಿಲ್ಟ್ರಿಯವರಲ್ಲ, ಸರಿ. ಆದರೂ ಅವತ್ತು ದೇಶಸೇವೆ ಮಾಡಿದ್ದು ಯಾರು? ಹುಡುಗರು ಸುಮ್ಮನಾಗುತ್ತಾರೆ.

ಹಾಗಂತ ಸಿಪಾಯಿಯನ್ನು ಸರ್ಕಾರದ ಆಳು ಅಂದರೆ ನನಗೆ ರೇಗುತ್ತೆ. ಕಸಂ ಪರೇಡ್‌ನಲ್ಲಿ ನಾವು ಮಾಡುವ ಪ್ರಮಾಣದಲ್ಲಿ ಯಾವ ಪಕ್ಷದ ಹೆಸರೂ ಇಲ್ಲ, ಪ್ರಧಾನಿಯ ಹೆಸರೂ ಇಲ್ಲ. ನಿಷ್ಠೆ ಸಂವಿಧಾನಕ್ಕೆ. ಆದರೆ ರಾಷ್ಟ್ರಪತಿಗಳ ಮತ್ತು ಮೇಲಧಿಕಾರಿಗಳ ಆಜ್ಞೆಯನ್ನು ಪ್ರಾಣಕ್ಕೆ ಅಪಾಯ ಬಂದರೂ ಪಾಲಿಸುತ್ತೇನೆ ಅಂತಲೂ ಅದರಲ್ಲೇ ಇದೆ. ತೊಡಕಿರುವುದು ಇಲ್ಲೇ. ಆರ್ಡರ್ ಕಾನೂನಿನ ಪ್ರಕಾರ ಇದ್ದರೆ ಮುಗೀತು. ಈ ಯುದ್ಧ ಬೇಕಿತ್ತಾ ಅಂತ ಸಿಪಾಯಿ ಕೇಳುವ ಹಾಗಿಲ್ಲ. ಕೇಳಲೂಬಾರದು ಬಿಡಿ. ಬಂದೂಕು ಹಿಡಿದವರೇ ಸರ್ಕಾರವನ್ನು ತಿದ್ದಲು ಹೊರಟರೆ ಏನಾಗುತ್ತೆ ಅಂತ ಪಾಕಿಸ್ತಾನ ನೋಡಿದವರಿಗೆ ಹೇಳಬೇಕಿಲ್ಲ.

ಕೇಳಬೇಕಾದವರು ಮನೆಯಲ್ಲಿ ಇರುವವರು, ಅಂದರೆ ಓಟು ಹಾಕುವ ಜನ. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿದ್ದು ದೆಹಲಿ. ಅಲ್ಲಿ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆಗೇ ಕಾದಾಡಬೇಕಾಗಿ ಬಂದು, ಸಾವಿರಕ್ಕೂ ಜಾಸ್ತಿ ನಮ್ಮ ಸೈನಿಕರು ಸತ್ತರು. ಇಲ್ಲಿ ಸರ್ಕಾರ ಬದಲಾಯಿತು, ತೀರ್ಮಾನವೂ ಬದಲಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಬಂದಾಗ ಸ್ವಾಗತಿಸಲು ಅಲ್ಲಿನ ಮುಖ್ಯಮಂತ್ರಿ ಹೋಗಲಿಲ್ಲ. ತಮಿಳರನ್ನು ಕೊಂದ ಪಡೆ ಅನ್ನುವುದು ಅವರ ಸಿಟ್ಟು. ಸಿಟ್ಟಿಗೆ ಕಾರಣವಿತ್ತು, ಒಪ್ಪುತ್ತೇನೆ. ಆದರೆ ಆ ಸಿಪಾಯಿಗಳೇನು ಟಿಕೆಟ್ ತಗೊಂಡು ತಾವಾಗೇ ಜಾಫ್ನಾಕ್ಕೆ ಹೋಗಿದ್ದರಾ?