ಮಾತ್ರೆ ನುಂಗುತ್ತಿದ್ದರೂ ಮತ್ತೆ ಪಾರ್ಶ್ವವಾಯು ಏಕೆ?

ಏಟ್ರಿಯಲ್ ಫಿಬ್ರಿಲೇಶನ್ ಎಂಬ, ಹೃದಯ ಬಡಿತದ ಲಯ ತಪ್ಪುವ ಕಾಯಿಲೆ ಇರುವ ನಮ್ಮ ಚಿಕ್ಕಪ್ಪನವರಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿದಾಗ ಮನೆಯವರೆಲ್ಲ ಕೇಳಿದ್ದು ಒಂದೇ: ರಕ್ತ ತೆಳುವಾಗುವ ಮಾತ್ರೆ ತಪ್ಪದೆ ಕೊಡುತ್ತಿದ್ದೆವಲ್ಲ, ಮತ್ತೆ ಹೀಗೇಕಾಯಿತು?

ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರಿದೇ ಅದುರುವುದರಿಂದ, ಎಡಗಡೆಯ ಮೇಲಿನ ಕೋಣೆಗೆ (ಎಡ ಹೃತ್ಕರ್ಣಕ್ಕೆ) ಅಂಟಿಕೊಂಡಿರುವ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು. ರಕ್ತ ತೆಳುವಾಗಿಸುವ ಹಳೆಯ ಔಷಧವಾದ ವಾರ್ಫರಿನ್ ಈ ಅಪಾಯವನ್ನು ಸುಮಾರು ಮೂರನೆಯ ಎರಡು ಭಾಗ ತಗ್ಗಿಸುತ್ತದೆ. ಉಳಿದ ಪಾಲು ಉಳಿದೇ ಇರುತ್ತದೆ, ಒಮ್ಮೆ ಪಾರ್ಶ್ವವಾಯು ಆದವರಲ್ಲಂತೂ ಅದು ಸಣ್ಣದಲ್ಲ ಎಂಬುದನ್ನು ಔಷಧ ಬರೆದುಕೊಡುವಾಗಲೇ ಬಿಡಿಸಿ ಹೇಳಬೇಕಿತ್ತು ಎಂದು ನನಗನಿಸುತ್ತದೆ.

ನರರೋಗ ತಜ್ಞರು ಸ್ಕ್ಯಾನ್ ನೋಡುವ ಮೊದಲೇ ಕೇಳಿದರು: "ಯಜಮಾನ್ರೇ, ಮಾತ್ರೆ ಊಟಕ್ಕೆ ಮುಂಚೆಯೋ, ಆದ ಮೇಲೋ?" ಚಿಕ್ಕಪ್ಪ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಕಾಫಿಯ ಜೊತೆಗೆ ನುಂಗುತ್ತಿದ್ದರು. ಅವರದು ರಿವರೋಕ್ಸಬಾನ್ ಎಂಬ, ರಕ್ತ ತೆಳುವಾಗಿಸುವ ಔಷಧ. ಅದರ 20 ಮಿ.ಗ್ರಾಂ. ಮಾತ್ರೆ ಊಟದ ಜೊತೆಗಿದ್ದರಷ್ಟೇ ರಕ್ತಕ್ಕೆ ಪೂರ್ತಿಯಾಗಿ ಸೇರುತ್ತದೆ. ಇದೇ ಕಾರಣವೆಂದು ಅವರು ತೀರ್ಪು ಕೊಡಲಿಲ್ಲ. ಕುತ್ತಿಗೆಯ ರಕ್ತನಾಳ ಕಿರಿದಾಗಿದೆಯೇ, ರಕ್ತದೊತ್ತಡದಿಂದ ಮಿದುಳಿನ ಸಣ್ಣ ನಾಳಗಳು ಕೆಟ್ಟಿವೆಯೇ ಎಂದೂ ಪರೀಕ್ಷಿಸಿದರು. ಏಕೆಂದರೆ ಹೃದಯದ ತೊಂದರೆ ಇರುವವರಿಗೆ ಬರುವ ಪ್ರತಿ ಪಾರ್ಶ್ವವಾಯುವೂ ಹೃದಯದಿಂದಲೇ ಬಂದಿರಬೇಕೆಂದಿಲ್ಲ.

ನಾವು ಬೇರೆ ಕಂಪನಿಯ ಹೊಸ ಮಾತ್ರೆಗಾಗಿ ಒತ್ತಾಯಿಸಿದೆವು. ಸುಮ್ಮನೆ ಮಾತ್ರೆ ಬದಲಿಸಿದ ಮಾತ್ರಕ್ಕೆ ಮರುಕಳಿಕೆ ಕಡಿಮೆಯಾಗುತ್ತದೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಜೊತೆಗೆ ಆಸ್ಪಿರಿನ್ ಸೇರಿಸಿದರೆ ರಕ್ತಸ್ರಾವದ ಭಯವೇ ಹೆಚ್ಚು. ಹಾಗಾಗಿ ಅದೇ ಮಾತ್ರೆ ರಾತ್ರಿಯೂಟದ ಹೊತ್ತಿಗೆ ಸರಿಯಿತು, ರಕ್ತದೊತ್ತಡದ ಔಷಧ ಹೆಚ್ಚಿತು. ಎಡ ಹೃತ್ಕರ್ಣದ ಆ ಚೀಲವನ್ನೇ ಮುಚ್ಚುವ ವಿಧಾನವೂ ಇದೆ. ಬೇರೆ ಕಾರಣಕ್ಕೆ ಹೃದಯದ ಶಸ್ತ್ರಚಿಕಿತ್ಸೆಯಾದವರಲ್ಲಿ ಆಗಲೇ ಅದನ್ನೂ ಮುಚ್ಚಿ, ಹೆಚ್ಚಿನವರಲ್ಲಿ ಮಾತ್ರೆಯನ್ನೂ ಮುಂದುವರಿಸಿದಾಗ ಪಾರ್ಶ್ವವಾಯು ಸುಮಾರು ಮೂರನೆಯ ಒಂದರಷ್ಟು ಇಳಿಯಿತೆಂದು 2021ರ ದೊಡ್ಡ ಅಧ್ಯಯನವೊಂದು ಹೇಳಿದೆ. ಚಿಕ್ಕಪ್ಪನವರಿಗೆ ಸದ್ಯಕ್ಕೆ ಅದು ಬೇಡವೆಂದರು.

ಇದನ್ನು ಓದಿ ಯಾರೂ ತಮಗೂ ಅದೇ ಮಾತ್ರೆ ಬೇಕೆಂದು ಕೇಳಬಾರದು. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರು ಇನ್ನೂ ಬಹಳ ಮಂದಿ ಇದ್ದಾರೆ. ಅಂಥವರಿಗೆ ಏಟ್ರಿಯಲ್ ಫಿಬ್ರಿಲೇಶನ್ ಇದ್ದಾಗ ರಿವರೋಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಔಷಧಗಳಿಂದಲೇ ಸಾವು ಕಡಿಮೆ ಎಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯ ಔಷಧವೇ, ಅದರ ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆಯೂ ತಪ್ಪಿದ್ದಲ್ಲ.